ಗುಡ್ಡದ ಮೇಲೆ ಚೌಡೇಶನ ಕಾಲು

ಚೌಡೇಶ ಮೂರನೆಯ ಸಲ ಬಿದ್ದಾಗ ಬೊಮ್ಮಲಿಂಗಪ್ಪ ಮೊದಲು ಮಾಡಿದ ಕೆಲಸ ಅವನ ಬಾಯಿ ಮೂಸಿ ನೋಡಿದ್ದು.

"ಕುಡ್ದಿಲ್ಲ," ಎಂದು ತನಗೆ ತಾನೇ ಹೇಳಿಕೊಂಡ. "ಕುಡ್ದಿದ್ರೆ ಒಂದ್ ಕಾರಣ ಆದ್ರೂ ಇರ್ತಿತ್ತು."

"ಲೇ, ಮೂಸೋದು ಆಮ್ಯಾಲೆ. ಗಾಡಿ ಹಿಂದಕ್ಕೆ ತಳ್ಳು. ಗಾಲಿ ನನ್ ಕಾಲ್ ಮ್ಯಾಲೆ ಐತೆ."

ನಾಲ್ಕು ಗಾಲಿಯ ಆ ಬೈಕು ದಾರಿಯ ಅಂಚಿನ ಬಂಡೆಗೆ ಮೂತಿ ಒರಗಿಸಿ ನಿಂತಿತ್ತು. ಅದರ ಹಿಂದಿನ ಎಡಗಾಲಿ ಚೌಡೇಶನ ಬೂಟಿನ ಹಿಮ್ಮಡಿಯನ್ನು ಅದುಮಿಕೊಂಡಿತ್ತು. ಅವನ ಮಣಿಕಟ್ಟಿಗೆ ಕಟ್ಟಿದ್ದ ದಾರ ಕಿತ್ತು ಬಂದಿದ್ದರಿಂದ ಎಂಜಿನ್ ತಾನಾಗಿಯೇ ನಿಂತುಹೋಗಿತ್ತು. ಸವಾರ ಬಿದ್ದರೂ ಗಾಡಿ ಮುಂದೆ ಹೋಗದಿರಲಿ ಎಂದೇ ಆ ದಾರ ಕಟ್ಟಿಕೊಳ್ಳುವುದು. ಬೊಮ್ಮಲಿಂಗಪ್ಪ ಹೆಗಲು ಕೊಟ್ಟು ಗಾಡಿಯನ್ನು ಹಿಂದೆ ಸರಿಸಿದ. ಬೂಟು ಗಟ್ಟಿಯಾಗಿದ್ದುದರಿಂದ ಕಾಲು ಮುರಿದಿರಲಿಲ್ಲ, ಉಳುಕಿತ್ತು ಅಷ್ಟೆ.

"ಕಾಲು ಯಾಕ್ ಕೆಳಗಿಟ್ಟೆ?"

"ಇಟ್ಟಿಲ್ಲ."

"ಹಂಗಾರೆ ಗಾಲಿ ಅಡಿಗೆ ಹೆಂಗ್ ಬಂತು? ನಡ್ಕೊಂಡ್ ಬಂತಾ?"

"ಗೊತ್ತಿಲ್ಲ ಕಣಲೇ. ನಾನಂತೂ ಇಟ್ಟಿಲ್ಲ. ಅದೇ ಹೋತು."

ಬೊಮ್ಮಲಿಂಗಪ್ಪ ನಾಯಕನಹಟ್ಟಿ ಕಡೆಯವನು, ಗುಡ್ಡದ ಗೇಟು ಕಾಯುವವನು. ಅವನಿಗೆ ಈ ಮಾತು ಹಿಡಿಸಲಿಲ್ಲ. ಹಿಂದಿನ ದಿನವಷ್ಟೇ ಇದೇ ಚೌಡೇಶ ಇದೇ ಗುಡ್ಡವನ್ನು ಒಂದು ತಪ್ಪೂ ಇಲ್ಲದೆ ಸುತ್ತಿ ಬಂದು ಅವನಿಂದಲೇ ಶಹಬ್ಬಾಸ್ ಅನ್ನಿಸಿಕೊಂಡಿದ್ದ. ಅದೂ ಅಮಾವಾಸ್ಯೆಯ ದಿನ. ಬೊಮ್ಮಲಿಂಗಪ್ಪ ಅಮಾವಾಸ್ಯೆಯಂದು ತನ್ನ ಹಳೆಯ ಬೈಕನ್ನು ಚಾಲೂ ಕೂಡ ಮಾಡುವುದಿಲ್ಲ, ಬಸ್ಸಿನಲ್ಲಿ ಬರುತ್ತಾನೆ. ಕೆಟ್ಟ ದಿನ ಸರಿಯಾಗಿ ಓಡಿಸಿ, ಒಳ್ಳೆಯ ದಿನ ಬಿದ್ದವನಿಗೆ ಏನು ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ.

ಮೊಳಕಾಲ್ಮುರಿನಿಂದ ಚಳ್ಳಕೆರೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಈ ಬಂಡೆಗುಡ್ಡದ ನೆತ್ತಿಯಲ್ಲಿ ಒಂದು ಕಂಪನಿಯವರು ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ. ಅಂದಿನಿಂದ ಅದು ಸುತ್ತಲಿನವರ ಬಾಯಲ್ಲಿ ಫ್ಯಾನ್ ಗುಡ್ಡ. ಯಂತ್ರಗಳ ಬುಡದಿಂದ ತಾಮ್ರದ ತಂತಿ ಕಳುವಾಗತೊಡಗಿದಾಗ ದಿನವೂ ಗುಡ್ಡ ಸುತ್ತಿ ನೋಡಿ ಬರಲು ಒಬ್ಬ ಮನುಷ್ಯ ಬೇಕಾಯಿತು. ಜೀಪು ಅರ್ಧ ದಾರಿಯವರೆಗೆ ಮಾತ್ರ ಹೋಗುತ್ತದೆ. ಸಾಧಾರಣ ಬೈಕು ಸಡಿಲ ಗರಸುಕಲ್ಲಿನ ಮೇಲೆ ಜಾರುತ್ತದೆ. ಅದಕ್ಕೆಂದು ಕಂಪನಿ ನಾಲ್ಕು ಗಾಲಿಯ, ದಪ್ಪ ಟಯರಿನ, ಕಪ್ಪೆಯ ಹಾಗೆ ಕುಕ್ಕರಿಸಿ ಕೂತ ಈ ಗಾಡಿಯನ್ನು ತರಿಸಿತು. ಜನ ಅದನ್ನು ಕಪ್ಪೆಗಾಡಿ ಎಂದರು. ಅದನ್ನು ಓಡಿಸುವ ಕೆಲಸಕ್ಕೆ ಚೌಡೇಶ ಸೇರಿಕೊಂಡ.

ಚೌಡೇಶ ನೇಕಾರ. ಮೊಳಕಾಲ್ಮುರಿನ ರೇಷ್ಮೆ ಸೀರೆಯ ಮನೆತನ, ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಅವನ ಮನೆಯಲ್ಲಿ ಇರುವುದು ಒಂದೇ ಮಗ್ಗ, ನೇಯುವವರು ಇಬ್ಬರು, ಅವನು ಮತ್ತು ಅವನ ಹೆಂಡತಿ ಎರ್ರಮ್ಮ. ಇಬ್ಬರಲ್ಲಿ ಎರ್ರಮ್ಮನ ಕೈ ಮೇಲು. ಅಂಚು, ಸೆರಗು ಅವಳೇ ನೇಯಬೇಕು. ಸೀರೆ ಕೊಳ್ಳುವವರೂ ಅವಳ ಕೈಯದನ್ನೇ ಕೇಳುತ್ತಾರೆ. ಬೆಳಿಗ್ಗೆ ಅವಳು ಅಡಿಗೆ ಮಾಡುವ ಹೊತ್ತಿನಲ್ಲಿ ಅವನು ಕೂತು ಸೀರೆಯ ಒಡಲು ನೇಯುತ್ತಿದ್ದ, ಅವಳು ಬಂದ ಕೂಡಲೇ ಎದ್ದು ಜಾಗ ಕೊಡುತ್ತಿದ್ದ. ಉಳಿದ ದಿನವೆಲ್ಲ ಜಗಲಿಯ ಮೇಲೆ ಕೂತಿರುತ್ತಿದ್ದ. ಅವನು ಕೆಟ್ಟ ನೇಕಾರನಲ್ಲ, ಆದರೆ ಒಂದು ಮಗ್ಗಕ್ಕೆ ಇಬ್ಬರು ಹೆಚ್ಚು. ಹೊರಗೆ ಕೆಲಸ ಹುಡುಕಬೇಕಾದದ್ದು ಅವನೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಕೆಲಸಕ್ಕೆ ಒಂದು ಷರತ್ತಿತ್ತು. ಮಳೆಗಾಲ ಮುಗಿಯುವುದರೊಳಗೆ, ಪರೀಕ್ಷೆ ಮಾಡುವವರ ಕಣ್ಣೆದುರು, ಇಡೀ ಗುಡ್ಡವನ್ನು ಒಂದು ಸಲವೂ ಕಾಲು ಕೆಳಗಿಡದೆ ಸುತ್ತಿ ತೋರಿಸಬೇಕು. ತೋರಿಸಿದರೆ ಕೆಲಸ ಕಾಯಂ. ಇಲ್ಲದಿದ್ದರೆ ಗಾಡಿ ಬೇರೊಬ್ಬರ ಕೈಗೆ, ಚೌಡೇಶ ಮತ್ತೆ ಜಗಲಿಗೆ. ಈ ಷರತ್ತು ಹಾಕಿದವಳು ನಿರ್ಮಲಾ. ಚಳ್ಳಕೆರೆಯ ಎಣ್ಣೆ ಗಿರಣಿಯೊಂದರ ಮೇಸ್ತ್ರಿಯ ಮಗಳು, ಕಂಪನಿಯ ಸುರಕ್ಷತೆ ನೋಡಿಕೊಳ್ಳುವವಳು. ಗಾಡಿ ಕಲಿಸಿದವಳೂ ಅವಳೇ.

ಕಲಿಸಿದ ಮೊದಲ ದಿನವೇ ಚೌಡೇಶನ ತಲೆ ಕೆಟ್ಟಿತ್ತು. ಬಿಸಿಲಿನಲ್ಲಿ ತಲೆಯಿಂದ ಗದ್ದದವರೆಗೆ ಮುಚ್ಚುವ ಹೆಲ್ಮೆಟ್ಟು, ಕಣ್ಣಿಗೆ ಕನ್ನಡಕ, ಕೈಗೆ ಗವಸು, ಕಾಲಿನ ಹರಡು ಮುಚ್ಚುವ ಬೂಟು. ಬೂಟು ಅವನಿಗೆ ಹೊಸದು, ಮಗ್ಗದಲ್ಲಿ ಬರಿಗಾಲು.

"ಟಾರ್ ರೋಡಿನ ಮೇಲೆ ಇದನ್ನ ಓಡಿಸಬೇಡಿ," ಎಂದು ನಿರ್ಮಲಾ ಶುರುಮಾಡಿದಳು.

"ಅಲ್ರೀ ಮೇಡಂ, ನೆಟ್ಟಗಿರೋ ರೋಡಲ್ಲಿ ಬ್ಯಾಡ, ಬಂಡೆ ಮ್ಯಾಲೆ ಓಡಿಸ್ಬೇಕು ಅಂತೀರಾ?"

"ಹೌದು. ಇದರ ಟಯರಲ್ಲಿ ಗಾಳಿ ಕಡಿಮೆ, ಮಣ್ಣು ಹಿಡಿಯೋಕೆ ಅಂತ ಮಾಡಿದ್ದು. ಟಾರ್ ಮೇಲೆ ತಿರುಗಿಸಿದ್ರೆ ಹಿಡಕೊಂಡು ಮಗುಚುತ್ತೆ. ಹಿಂದೆ ಯಾರನ್ನೂ ಕೂರಿಸಬೇಡಿ."

"ಸೀಟು ಇಷ್ಟುದ್ದ ಐತಲ್ಲ?"

"ಉದ್ದ ಇರೋದು ನೀವು ಸರಿದಾಡೋಕೆ. ಏರು ಹತ್ತುವಾಗ ಮುಂದೆ ಬಾಗಬೇಕು, ಇಳಿಯುವಾಗ ಹಿಂದೆ ಸರೀಬೇಕು. ಹಿಂದೆ ಇನ್ನೊಬ್ರು ಕೂತ್ರೆ ನೀವು ಎಲ್ಲಿಗೆ ಸರೀತೀರಿ?"

"ಬೀಳೋ ಹಂಗಾದ್ರೆ?"

"ಬಿದ್ರೂ ಪರವಾಗಿಲ್ಲ, ಕಾಲು ಮಾತ್ರ ಕೆಳಗೆ ಕೊಡಬೇಡಿ. ಸೈಕಲ್ಲಲ್ಲಿ ಕಾಲು ಕೊಟ್ರೆ ಉಳೀತೀರಿ, ಇದರಲ್ಲಿ ಕಾಲು ಕೊಟ್ರೆ ಹಿಂದಿನ ಗಾಲಿ ಅದರ ಮೇಲೇ ಬರುತ್ತೆ. ನಿಮ್ಮ ಗಾಡೀನೇ ನಿಮ್ಮ ಕಾಲು ಮುರಿಯುತ್ತೆ. ಗೊತ್ತಾಯ್ತಾ?"

ಗೊತ್ತಾಗಿತ್ತು. ಚೌಡೇಶ ದಡ್ಡನಲ್ಲ. ದಾರಿ ಬಿಟ್ಟು ಹುಲ್ಲಿನ ಮೇಲೆ ಇಳಿಯಬಾರದು, ದನ ಕುರಿ ಎದುರಾದರೆ ಎಂಜಿನ್ ನಿಲ್ಲಿಸಿ ಅವು ದಾಟುವವರೆಗೆ ಕಾಯಬೇಕು, ಬಲಗೈಯ ಹೆಬ್ಬೆರಳಿನಿಂದ ಒತ್ತಿದರೆ ವೇಗ, ಬಲಗಾಲಿನಿಂದ ತುಳಿದರೆ ಬ್ರೇಕು, ಎಲ್ಲವನ್ನೂ ಅವನು ಬಾಯಿಪಾಠ ಒಪ್ಪಿಸುವಂತೆ ಹೇಳಬಲ್ಲವನಾಗಿದ್ದ. ಹೇಳುತ್ತ ಹೇಳುತ್ತಲೇ ತಪ್ಪುತ್ತಿದ್ದ. ಬಲಕ್ಕೆ ತಿರುಗುವ ಕಡೆಗಳಲ್ಲಿ ಒಮ್ಮೆ ಕಾರಣವಿಲ್ಲದೆ ಬ್ರೇಕು ಬಿದ್ದು ಗಾಡಿ ಮುಗ್ಗರಿಸುತ್ತಿತ್ತು. ಇನ್ನೊಮ್ಮೆ ಎಡಗಾಲು ಗಾಡಿಯ ಮೆಟ್ಟಿಲು ಬಿಟ್ಟು ಕೆಳಗಿಳಿಯುತ್ತಿತ್ತು. ಎಡಕ್ಕೆ ತಿರುಗುವಾಗ ಏನೂ ಆಗುತ್ತಿರಲಿಲ್ಲ.

"ಬಲಗಡೆ ಏನ್ ಕಾಣುತ್ತೆ ನಿಮಗೆ?" ಎಂದು ನಿರ್ಮಲಾ ಒಮ್ಮೆ ಕೇಳಿದಳು.

"ದಾರಿ ಕಾಣ್ತೈತೆ ಮೇಡಂ."

"ಕಣ್ಣು ತೋರಿಸ್ಕೊಂಡಿದೀರಾ?"

ಅವನು ಕಣ್ಣು ತೋರಿಸಿಕೊಂಡು ಬಂದ. ಕಣ್ಣು ಸರಿಯಾಗಿತ್ತು.

ಗುಡ್ಡದ ಮೇಲೆ ಅವನಿಗೆ ದಿನವೂ ಎದುರಾಗುವವಳು ಕ್ಯಾತಮ್ಮ, ಕುರಿ ಮೇಯಿಸುವ ಮುದುಕಿ. ಗುಡ್ಡದ ಇಳಿಜಾರಿನ ಹುಲ್ಲು ತನ್ನದೇ ಎಂದು ಅವಳು ತಿಳಿದಿದ್ದಳು. ಯಾರೂ ಅಲ್ಲ ಎಂದಿರಲಿಲ್ಲ. ಕಪ್ಪೆಗಾಡಿ ಬಂದ ಹೊಸದರಲ್ಲಿ ಅವಳು ಅದರ ಹಿಂದೆ ನಡೆದು, ಗಾಲಿಯ ಗುರುತು ಹುಲ್ಲಿಗೆ ಇಳಿದಿದೆಯೇ ಎಂದು ನೋಡಿಕೊಂಡು ಹೋಗುತ್ತಿದ್ದಳು. ಇಳಿದಿರಲಿಲ್ಲ. ಆಮೇಲೆ ಅವಳಿಗೆ ಬೇರೊಂದು ಯೋಚನೆ ಬಂತು. ಒಂದು ದಿನ ದಾರಿಗೆ ಅಡ್ಡ ನಿಂತು ಕೋಲು ಎತ್ತಿದಳು.

"ನಿಲ್ಸಪ್ಪ. ಕೆಳಗಿನ ಗೇಟಿನ್ ತನ ಬಿಡು."

ಚೌಡೇಶ ಎಂಜಿನ್ ನಿಲ್ಲಿಸಿದ. "ಆಗಲ್ಲ ಅಜ್ಜಿ. ಒಬ್ಬನೇ ಕುಂದ್ರೋ ಗಾಡಿ ಇದು."

"ನನ್ ಮಂಚ ಇಷ್ಟುದ್ದ ಇಲ್ಲ. ಒಬ್ಬನೇ ಕುಂದ್ರೋದಂತೆ!"

"ನೀವು ಹಿಂದೆ ಕುಂತ್ರೆ ಇಳಿಜಾರಲ್ಲಿ ಇಬ್ರೂ ಉಳ್ಳಾಡ್ತೀವಿ. ಮೇಡಂ ಹೇಳ್ಯಾರೆ."

"ನಿನ್ ಮೇಡಂ ನನ್ ಮೊಮ್ಮಗಳ ವಾರಿಗೆಯವಳು. ಹೋಗ್ಲಿ ಬಿಡು, ನೀ ಓಡ್ಸೋ ಚಂದಕ್ಕೆ ನಾನ್ ಕುಂದ್ರೋದೂ ಒಂದೇ, ಕೆರೆಗೆ ಬೀಳೋದೂ ಒಂದೇ. ಮ್ಯಾಲಿಂದ ನೋಡ್ತಿರ್ತೀನಿ. ಆ ಕಾಲಲ್ಲಿ ಏನಪ್ಪ ಮಾಡ್ತೀಯ, ಮಣ್ಣು ಕಲಸ್ತೀಯಾ?"

"ಏನೂ ಮಾಡ್ತಿಲ್ಲಜ್ಜಿ."

"ಮಾಡ್ತಿಲ್ಲಂತೆ. ನನ್ ಟಗರೇ ನಗ್ತೈತೆ ನಿನ್ ನೋಡಿ."

ಅವಳನ್ನು ಹತ್ತಿಸಿಕೊಳ್ಳದೆ ಹೋದದ್ದು ಕೆಳಗಿನ ಊರಿನಲ್ಲೆಲ್ಲ ಸುದ್ದಿಯಾಯಿತು. ವಯಸ್ಸಾದವರು ಕೈ ಅಡ್ಡ ಹಿಡಿದರೆ ಟ್ರ್ಯಾಕ್ಟರಿನವನೂ ನಿಲ್ಲಿಸುವ ಸೀಮೆ ಇದು. ಖಾಲಿ ಸೀಟಿಟ್ಟುಕೊಂಡು ಮುದುಕಿಯನ್ನು ಬಿಟ್ಟು ಹೋದ ನೇಕಾರನಿಗೆ ಸೊಕ್ಕು ಎಂದರು. ಚೌಡೇಶ ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಅವನಿಗೆ ತನ್ನ ಕಾಲಿನ ಸಮಜಾಯಿಷಿಯೇ ಸಿಕ್ಕಿರಲಿಲ್ಲ.

ಮೊದಲ ಎರಡು ಸಲ ಬಿದ್ದದ್ದನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಈಗ ಮೂರನೆಯ ಸಲ, ಕುಂಟುತ್ತ ಬಂದಾಗ, ಕಲ್ಲೆಡವಿತು ಎಂದ. ಎರ್ರಮ್ಮ ನಂಬಿದಳು. ಉಳುಕಿಗೆ ಎಣ್ಣೆ ತಿಕ್ಕಿದಳು, ಮಗ್ಗಕ್ಕೆ ಇಳಿಯಬೇಡ ಎಂದಳು. ಅವನು ಮಗ್ಗವನ್ನೂ ಗುಡ್ಡವನ್ನೂ ಬಿಟ್ಟು ಕೆಲವು ದಿನ ಕಾಲು ಚಾಚಿ ಕೂತ. ಊತ ಇಳಿದ ಮೇಲೆ ನೇರವಾಗಿ ಗುಡ್ಡಕ್ಕೆ ಹೋದ. ಅಂದು ಗಾಡಿ ಎಣ್ಣೆ ಹಚ್ಚಿದ ಹಾಗೆ ಹೋಯಿತು. ಬಲ ತಿರುವು, ಎಡ ತಿರುವು, ಬಂಡೆಯ ಇಳಿಜಾರು, ಎಲ್ಲಿಯೂ ಕಾಲು ಅಲುಗಲಿಲ್ಲ. ಸಂಜೆ ಖುಷಿಯಿಂದ ಮನೆಗೆ ಬಂದ. ಮರುದಿನ ಬೆಳಿಗ್ಗೆ ಎಂದಿನಂತೆ ಮಗ್ಗದಲ್ಲಿ ಕೂತು, ಒಡಲು ನೇಯ್ದು, ಊಟ ಕಟ್ಟಿಕೊಂಡು ಗುಡ್ಡಕ್ಕೆ ಹೋದ. ಮೊದಲ ಬಲ ತಿರುವಿನಲ್ಲೇ ಕಾಲು ಇಳಿಯಿತು. ಈ ಸಲ ಗಾಲಿ ಬೂಟಿನ ತುದಿಯನ್ನು ಸವರಿಕೊಂಡು ಹೋಯಿತು.

ಚೌಡೇಶ ಗಾಡಿ ನಿಲ್ಲಿಸಿ ದಾರಿಯ ಪಕ್ಕ ಕೂತುಬಿಟ್ಟ. ಕಾಲನ್ನು ಬಹಳ ಹೊತ್ತು ನೋಡಿದ. ಅದು ಅವನದೇ ಕಾಲು, ಬೇರೆಯವರದಾಗಿರಲಿಲ್ಲ. ಅಮಾವಾಸ್ಯೆಯ ದಿನ ಸುಮ್ಮನಿರುವ, ಉಳುಕಿದಾಗ ಸುಮ್ಮನಿರುವ, ನೆಟ್ಟಗಿರುವಾಗ ಹಟ ಹಿಡಿಯುವ ಕಾಲನ್ನು ಏನು ಮಾಡಬೇಕು?

ಬೊಮ್ಮಲಿಂಗಪ್ಪ ತನ್ನದೊಂದು ವಿವರಣೆ ಕೊಟ್ಟ. "ನಿಮ್ ನೇಕಾರರ ಚೌಡವ್ವ ಅಮಾಸೆ ದ್ಯಾವ್ರಲ್ವಾ. ಅಮಾಸೆ ದಿನ ಅವಳು ಹಿಂದೆ ಕುಂದ್ರುತಾಳೆ."

"ಹಿಂದೆ ಯಾರೂ ಕುಂದ್ರಬಾರ್ದು," ಎಂದ ಚೌಡೇಶ, ಯೋಚಿಸದೆ.

ನಿರ್ಮಲಾ ದೇವರನ್ನು ಎಳೆದು ತರಲಿಲ್ಲ. ನಿದ್ದೆ ಸಾಲುತ್ತಿಲ್ಲ ಎಂದಳು, ಮನಸ್ಸು ಎಲ್ಲೋ ಇದೆ ಎಂದಳು, ಕೊನೆಗೆ ಇನ್ನೊಂದು ಮಾತನ್ನೂ ಹೇಳಿದಳು. "ಚೌಡೇಶಣ್ಣ, ನೀವು ಒಳ್ಳೆ ಮನುಷ್ಯರು. ಆದ್ರೆ ಒಳ್ಳೆ ಮನುಷ್ಯರ ಕಾಲೂ ಮುರಿಯುತ್ತೆ. ಮುಂದಿನ ವಾರ ನೋಡ್ತೀನಿ. ಅವತ್ತೂ ಕಾಲು ಇಳಿದ್ರೆ ನಾನು ಗಾಡಿ ಬೇರೆಯವರಿಗೆ ಕೊಡ್ತೀನಿ. ಬೈಕೋಬೇಡಿ."

ಈ ಮಾತನ್ನು ಎರ್ರಮ್ಮನಿಗೆ ಮುಟ್ಟಿಸಿದವನು ಬೊಮ್ಮಲಿಂಗಪ್ಪ. ಮೊಳಕಾಲ್ಮುರಿನ ಸಂತೆಗೆ ಬಂದವನು ಮನೆಗೆ ಹೋಗಿ ನೀರು ಕುಡಿದು, ಬಿದ್ದದ್ದನ್ನೆಲ್ಲ ಒಂದೊಂದಾಗಿ ಹೇಳಿದ. ಎರ್ರಮ್ಮ ಗಂಡನನ್ನು ಏನೂ ಕೇಳಲಿಲ್ಲ. ಮರುದಿನ ಅವನು ಹೊರಟ ಮೇಲೆ ಮಗ್ಗಕ್ಕೆ ಬಟ್ಟೆ ಮುಚ್ಚಿ, ಬಸ್ಸು ಹತ್ತಿ, ಗುಡ್ಡದ ಗೇಟಿನ ಹತ್ತಿರ ಇಳಿದು, ನಡೆದು ಮೇಲೆ ಬಂದಳು. ಕ್ಯಾತಮ್ಮನ ಕುರಿಗಳು ಮೇಯುತ್ತಿದ್ದ ದಿಬ್ಬದಲ್ಲಿ ನಿಂತಳು. ಅಲ್ಲಿಂದ ದಾರಿ ಪೂರಾ ಕಾಣುತ್ತದೆ.

"ಯಾರವ್ವ ನೀನು?" ಎಂದು ಕ್ಯಾತಮ್ಮ ಕೇಳಿದಳು.

"ಆ ಗಾಡಿ ಓಡಿಸ್ತಾನಲ್ಲ, ಅವನ ಹೆಂಡ್ತಿ."

"ಹಂಗಾರೆ ನೋಡು ಕುಂತು. ನಾನ್ ದಿನಾ ನೋಡಿ ಸಾಕಾಗೈತೆ."

ಕೆಳಗೆ ಗಾಡಿ ಬರುತ್ತಿತ್ತು. ಹೆಲ್ಮೆಟ್ಟಿನೊಳಗಿನ ತಲೆ ಯಾರದೆಂದು ಗುರುತು ಸಿಗುವಂತಿರಲಿಲ್ಲ. ಎರ್ರಮ್ಮ ಅವನ ಕೈಗಳನ್ನು, ಆಮೇಲೆ ಕಾಲುಗಳನ್ನು ನೋಡಿದಳು. ಬಲ ತಿರುವು ಬಂತು. ಬಲಗೈ ಹ್ಯಾಂಡಲನ್ನು ತನ್ನತ್ತ ಎಳೆಯಿತು. ಎಡಗಾಲು ಇಳಿಯಿತು, ಮತ್ತೆ ಮೇಲೆ ಬಂತು. ಇನ್ನೊಂದು ಬಲ ತಿರುವು. ಬಲಗೈ ಎಳೆಯಿತು. ಈ ಸಲ ಬಲಗಾಲು ತುಳಿಯಿತು, ಬ್ರೇಕು ಬಿದ್ದು ಗಾಡಿ ಮುಗ್ಗರಿಸಿತು.

ಎರ್ರಮ್ಮ ನಗತೊಡಗಿದಳು. ಆಮೇಲೆ ಗಾಲಿ ಕಾಲಿಗೆ ಎಷ್ಟು ಹತ್ತಿರವಿದೆ ಎಂದು ಕಂಡು ನಗು ನಿಂತಿತು.

"ಅಯ್ಯೋ ದೇವುಡಾ," ಎಂದಳು. "ಇವನು ಮಗ್ಗ ತುಳೀತಾ ಇದಾನೆ."

ಗುಂಡಿಮಗ್ಗದ ಮುಂದೆ ಕೂತವನ ಸೀಟು ನೆಲದ ಮಟ್ಟಕ್ಕೆ ಇರುತ್ತದೆ, ಕಾಲುಗಳು ಗುಂಡಿಯೊಳಗೆ ಇಳಿಬಿದ್ದಿರುತ್ತವೆ. ಬಲಗೈಯಿಂದ ಹಗ್ಗ ಎಳೆದರೆ ನೂಲು ಹೊತ್ತ ಲಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುತ್ತದೆ. ಪ್ರತಿ ಎಳೆತಕ್ಕೂ ಒಂದು ಕಾಲು ಕೆಳಗಿನ ಹಲಗೆಯನ್ನು ತುಳಿಯಬೇಕು, ಒಮ್ಮೆ ಎಡ, ಒಮ್ಮೆ ಬಲ. ಮೀಸೆ ಮೂಡುವ ಮೊದಲಿನಿಂದ ಚೌಡೇಶ ಮಾಡಿಕೊಂಡು ಬಂದದ್ದು ಇದನ್ನೇ. ಬೆಳಿಗ್ಗೆ ಮಗ್ಗದಿಂದ ಎದ್ದು ನೇರವಾಗಿ ಗುಡ್ಡಕ್ಕೆ ಬಂದ ಕಾಲಿಗೆ, ಬಲಗೈ ಎಳೆದದ್ದು ಹ್ಯಾಂಡಲನ್ನು, ಹಗ್ಗವನ್ನಲ್ಲ ಎಂದು ಯಾರು ಹೇಳಬೇಕು? ಅಮಾವಾಸ್ಯೆಯಂದು ನೇಕಾರರ ಬೀದಿಯಲ್ಲಿ ಮಗ್ಗ ಮುಟ್ಟುವುದಿಲ್ಲ. ಅಂದು ಅವನ ಕಾಲು ಸುಮ್ಮನಿದ್ದುದಕ್ಕೆ ಅದೇ ಕಾರಣ. ಚೌಡವ್ವನನ್ನು ಇದರಲ್ಲಿ ತರುವ ಅಗತ್ಯವಿರಲಿಲ್ಲ.

ಎರ್ರಮ್ಮ ದಿಬ್ಬ ಇಳಿದು ದಾರಿಗೆ ಬಂದಳು. ಚೌಡೇಶ ಗಾಡಿ ನಿಲ್ಲಿಸಿ ಹೆಲ್ಮೆಟ್ಟು ತೆಗೆದ. ಮನೆಯಲ್ಲಿ ಮಗ್ಗದ ಮುಂದೆ ಇರಬೇಕಾದ ಹೆಂಡತಿ ಬಂಡೆಗಳ ನಡುವೆ ನಿಂತಿರುವುದು ಅವನಿಗೆ ಅರ್ಥವಾಗಲಿಲ್ಲ.

"ನೀನ್ಯಾಕ್ ಬಂದೆ?"

"ಕಲ್ಲೆಡವಿದ ಜಾಗ ನೋಡಾಕೆ. ಎಂಜಿನ್ ಆಫ್ ಮಾಡು. ಹಂಗೇ ಕುಂತ್ಕೋ. ಬಲಗೈ ಎಳಿ."

"ಯಾಕೆ?"

"ಎಳಿಯಯ್ಯಾ."

ಅವನು ಎಳೆದ. ಕಾಲು ಇಳಿಯಿತು.

"ಕಾಲು ನೋಡು."

ಅವನು ನೋಡಿದ. ಕಾಲನ್ನು ಮೇಲಿಟ್ಟುಕೊಂಡು ಮತ್ತೆ ಎಳೆದ. ಇನ್ನೊಂದು ಕಾಲು ಬ್ರೇಕನ್ನು ತುಳಿಯಿತು. ಕಳ್ಳತನ ಮಾಡುತ್ತಿರುವಾಗಲೇ ಸಿಕ್ಕಿಬಿದ್ದವನಂತೆ ಅವನ ಮುಖ ಕೆಂಪಾಯಿತು.

"ಬೆಳಿಗ್ಗೆ ಇನ್ನು ಮಗ್ಗದಾಗೆ ಕುಂದ್ರಬ್ಯಾಡ," ಎಂದಳು ಎರ್ರಮ್ಮ. "ಸಂಜೆ ಬಂದು ಕುಂದ್ರು. ಅಷ್ಟೇ ತಾನೆ."

ಅಷ್ಟೇ ಎಂದು ಅವನೂ ಅಂದುಕೊಂಡ. ಅಂದು ಸಂಜೆ ಬೇಗ ಬಂದು, ಕೈಕಾಲು ತೊಳೆದು, ಮಗ್ಗಕ್ಕೆ ಕೈ ಮುಗಿದು ಕೂತ. ಎರ್ರಮ್ಮ ಒಲೆಯ ಮುಂದೆ ಇದ್ದಳು. ಸದ್ದು ಕೇಳುತ್ತಲೇ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಎಳೆತಕ್ಕೂ ತುಳಿತಕ್ಕೂ ನಡುವೆ ಇರಬೇಕಾದಷ್ಟು ಹೊತ್ತು ಇರಲಿಲ್ಲ. ಆಮೇಲೆ ಸದ್ದೇ ನಿಂತಿತು.

ಬಂದು ನೋಡಿದರೆ ಲಾಳಿ ನಡುದಾರಿಯಲ್ಲಿ ನಿಂತಿತ್ತು. ಅದು ದಾಟುವ ಮೊದಲೇ ಅವನ ಕಾಲು ಹಲಗೆ ಬದಲಿಸಿತ್ತು, ಹಾಸಿನ ಉದ್ದೆಳೆಗಳು ಲಾಳಿಯ ಮೇಲೆ ಕಚ್ಚಿಕೊಂಡು ಹರಿದಿದ್ದವು. ಚೌಡೇಶ ಬಲಗೈಯ ಹೆಬ್ಬೆರಳನ್ನು ನೋಡುತ್ತಿದ್ದ.

"ಏನ್ ಮಾಡ್ದೆ?"

"ಹಗ್ಗ ಎಳೆಯೋ ಬದ್ಲು ಒತ್ತಿದೆ ಅನ್ಸುತ್ತೆ."

"ಒತ್ತಿದ್ಯಾ? ಏನನ್ನ?"

"ಹೆಬ್ಬೆರಳಲ್ಲಿ. ಗಾಡಿ ಜೋರಾಗಿ ಹೋಗ್ಲಿ ಅಂದ್ರೆ ಒತ್ತಬೇಕು."

ಮರುದಿನ ಪೂರ್ತಿ ಎರ್ರಮ್ಮ ಹರಿದ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕಿದಳು. ಅವನು ಗುಡ್ಡದ ಮೇಲೆ ಒಂದೂ ತಪ್ಪಿಲ್ಲದೆ ಸುತ್ತಿ ಬಂದ. ಸಂಜೆ ಮತ್ತೆ ಕೂತ, ಈ ಸಲ ಬಹಳ ಎಚ್ಚರದಿಂದ, ಪ್ರತಿ ಎಳೆತವನ್ನೂ ಯೋಚಿಸಿ ಯೋಚಿಸಿ. ಯೋಚಿಸಿ ಮಾಡಿದ ಕೆಲಸ ಇನ್ನೂ ಕೆಟ್ಟಿತು. ನೇಯ್ದ ಜಾಗ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಎರ್ರಮ್ಮ ಬೆರಳಾಡಿಸಿ ನೋಡಿ, ಅಷ್ಟನ್ನೂ ಬಿಚ್ಚಿದಳು.

"ಬೆಳಿಗ್ಗೆ ಕುಂತ್ರೆ ಗುಡ್ಡದಾಗೆ ಬೀಳ್ತೀಯ. ಸಂಜೆ ಕುಂತ್ರೆ ಸೀರೆ ಬೀಳ್ತೈತೆ," ಎಂದಳು.

"ಹಂಗಾರೆ ಯಾವಾಗ ಕುಂದ್ರಲಿ?"

"ಕುಂದ್ರಬ್ಯಾಡ."

ಅವನಿಗೆ ಮೊದಲು ಮಾತೇ ತಿಳಿಯಲಿಲ್ಲ. ಇವತ್ತಾ, ಈ ವಾರವಾ ಎಂದು ಕೇಳಿದ. ಇನ್ನು ಮೇಲೆ ಎಂದಳು. ಎದುರು ಮನೆಯ ಹುಚ್ಚಕ್ಕನ ಮಗ್ಗ ನೂಲಿಲ್ಲದೆ ಖಾಲಿ ಬಿದ್ದಿದೆ, ಅವಳು ಬೆಳಿಗ್ಗೆ ಬಂದು ಒಡಲು ನೇಯ್ದು ಕೊಡುತ್ತಾಳೆ, ಮಾತಾಡಿ ಆಗಿದೆ ಎಂದಳು.

"ಅವಳಾ? ಅವಳು ಎಮ್ಮೆ ತುಳಿದಂಗೆ ತುಳೀತಾಳೆ."

"ತುಳೀಲಿ. ಅವಳ ಕಾಲ್ ಮ್ಯಾಲೆ ಗಾಲಿ ಬರಲ್ಲ."

"ಮಗ್ಗ ನಮ್ಮಪ್ಪಂದು, ಎರ್ರೀ."

"ಗೊತ್ತು. ಮಗ್ಗ ಎಲ್ಲೂ ಹೋಗಲ್ಲ. ನಿನ್ ಕಾಲು ಹೋದ್ರೆ ಬರಲ್ಲ. ಎರಡರಾಗೆ ಯಾವ್ದು ಬೇಕು ಅಂತ ನೀನೇ ಹೇಳು, ನಾನ್ ಹೇಳಲ್ಲ."

ಅವನು ಎದ್ದು ಜಗಲಿಗೆ ಹೋಗಿ ಕೂತ. ಗುಡ್ಡ ಬಿಟ್ಟರೆ ಬೆಳಗಿನ ಮಗ್ಗ ಉಳಿಯುತ್ತದೆ, ಆಮೇಲೆ ಇಡೀ ದಿನದ ಜಗಲಿಯೂ ಉಳಿಯುತ್ತದೆ. ಗುಡ್ಡ ಹಿಡಿದರೆ ತಾನು ನೇಕಾರ ಅನ್ನುವುದಕ್ಕೆ ಏನೂ ಉಳಿಯುವುದಿಲ್ಲ. ಎರಡನ್ನೂ ಹಿಡಿದರೆ ಕಾಲು ಹೋಗುತ್ತದೆ, ಕಾಲು ಹೋದ ಮೇಲೆ ಮಗ್ಗವೂ ಇಲ್ಲ ಗುಡ್ಡವೂ ಇಲ್ಲ. ಹೀಗೆ ಎಷ್ಟು ಸಲ ಹಿಂದೆ ಮುಂದೆ ಮಾಡಿದರೂ ಅದು ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ನಿರ್ಮಲಾ ಪರೀಕ್ಷೆಗೆ ಬರುವ ದಿನ ಬೆಳಿಗ್ಗೆ ಚೌಡೇಶ ಎದ್ದಾಗ ಮಗ್ಗ ಆಗಲೇ ಸದ್ದು ಮಾಡುತ್ತಿತ್ತು. ಹುಚ್ಚಕ್ಕ ಗುಂಡಿಯಲ್ಲಿ ಕಾಲಿಳಿಸಿ ಕೂತಿದ್ದಳು. ಅವನನ್ನು ಕಂಡು, "ಎದ್ಯಾ ಅಣ್ಣಾ? ನಿನ್ ಜಾಗ ಗಟ್ಟಿ ಐತಪ್ಪ, ಕುಂಡಿ ನೋಯ್ತೈತೆ," ಎಂದಳು. ಅವನು ಬೂಟು ಹಿಡಿದುಕೊಂಡು ನಡುಮನೆಯಲ್ಲಿ ನಿಂತ. ಆ ಹೊತ್ತಿಗೆ ತಾನು ಎಲ್ಲಿರಬೇಕು ಎಂಬುದು ಅವನಿಗೆ ಅಂದಿನವರೆಗೆ ಯೋಚಿಸುವ ವಿಷಯವಾಗಿರಲಿಲ್ಲ. ಎರ್ರಮ್ಮ ಊಟದ ಡಬ್ಬಿ ಕೈಗೆ ಕೊಟ್ಟಳು.

"ಹೋಗ್ತೀಯಾ?"

"ಹೋಗ್ತೀನಿ," ಎಂದ. ಎರಡರಲ್ಲಿ ಯಾವುದು ಎಂದು ಅವಳು ಕೇಳಿದ್ದ ಪ್ರಶ್ನೆಗೂ ಅದೇ ಉತ್ತರವಾಯಿತು.

ಗುಡ್ಡದಲ್ಲಿ ಹಿಂದಿನ ದಿನ ಮಳೆಯಾಗಿ ದಾರಿ ಅಲ್ಲಲ್ಲಿ ಕೆಸರಾಗಿತ್ತು. ಪಕ್ಕದ ಹುಲ್ಲಿನ ಮೇಲೆ ಇಳಿದು ದಾಟಿದರೆ ಸುಲಭ. ಚೌಡೇಶ ಇಳಿಯಲಿಲ್ಲ, ಕೆಸರಿನಲ್ಲೇ ನಿಧಾನವಾಗಿ ಹೋದ. ಬಂಡೆಯ ಇಳಿಜಾರಿನಲ್ಲಿ ಸೀಟಿನ ಹಿಂದಕ್ಕೆ ಸರಿದ. ನಿರ್ಮಲಾ ದಿಬ್ಬದ ಮೇಲೆ ನಿಂತು ಕಾಲುಗಳನ್ನು ಮಾತ್ರ ನೋಡುತ್ತಿದ್ದಳು. ಮೊದಲ ಬಲ ತಿರುವು ಬಂತು, ಹೋಯಿತು. ಎರಡನೆಯದರ ಆಚೆ ಕ್ಯಾತಮ್ಮನ ಕುರಿಗಳು ದಾರಿಗೆ ಅಡ್ಡ ಬಂದವು. ಅವನು ಎಂಜಿನ್ ನಿಲ್ಲಿಸಿದ. ಕುರಿಗಳು ಆತುರಪಡಲಿಲ್ಲ, ಒಂದೆರಡು ಗಾಡಿಯ ಟಯರನ್ನು ಮೂಸಿದವು. ಚೌಡೇಶ ಎರಡೂ ಕಾಲು ಮೆಟ್ಟಿಲ ಮೇಲಿಟ್ಟುಕೊಂಡು ಕೂತೇ ಇದ್ದ.

"ಇವತ್ತೇನಪ್ಪ, ಗುಡಿಯಾಗಿನ ದ್ಯಾವ್ರು ಕುಂತಂಗೆ ಕುಂತೀಯ?" ಎಂದಳು ಕ್ಯಾತಮ್ಮ. "ಮಣ್ಣು ಕಲಸೋದು ಮುಗೀತಾ?"

"ಮುಗೀತಜ್ಜಿ."

"ಹಂಗಾರೆ ಈಗಾರ ಹತ್ತಿಸ್ಕೋ."

"ಇಲ್ಲಜ್ಜಿ."

"ಸೊಕ್ಕು ಮಾತ್ರ ಮುಗಿದಿಲ್ಲ," ಎಂದು ಅವಳು ಕೊನೆಯ ಕುರಿಯನ್ನು ದಾಟಿಸಿದಳು.

ಸುತ್ತು ಮುಗಿಸಿ ಬಂದಾಗ ನಿರ್ಮಲಾ ಕೈ ಕೊಟ್ಟಳು. ಕೆಲಸ ನಿಮ್ಮದೇ ಎಂದಳು. ಆಮೇಲೆ, "ಏನ್ ಮಾಡಿದ್ರಿ ಚೌಡೇಶಣ್ಣ? ಯಾವುದಾದ್ರೂ ಉಪಾಯ ಇದ್ರೆ ಹೇಳಿ, ಮುಂದೆ ಕಲಿಯೋರಿಗೆ ಹೇಳಿಕೊಡ್ತೀನಿ," ಎಂದು ಕೇಳಿದಳು.

ಚೌಡೇಶ ಹ್ಯಾಂಡಲ್ಲಿನಿಂದ ಬಲಗೈ ಬಿಡಿಸಿಕೊಂಡು ನೋಡಿದ. "ನಾನೇನೂ ಮಾಡಿಲ್ಲ ಮೇಡಂ. ಒಂದು ಮಾಡ್ತಿದ್ದೆ, ಅದನ್ನ ಮಾಡ್ಲಿಲ್ಲ," ಎಂದ. ಅವಳಿಗೆ ಅದು ಅರ್ಥವಾಗಲಿಲ್ಲ. ತಾನು ಹೇಳಿದ್ದು ಪೂರ್ತಿ ಸರಿಯೇ ಎಂದು ಅವನಿಗೂ ಖಚಿತವಿರಲಿಲ್ಲ.

ಮರುದಿನ ಬೆಳಿಗ್ಗೆ ಹುಚ್ಚಕ್ಕ ಬಂದಳು. ಮಗ್ಗದ ಸದ್ದು ಶುರುವಾಯಿತು. ಹೊಸ ಸೀರೆಗೆ ಹಾಸು ಕಟ್ಟುವ ಆತುರದಲ್ಲಿದ್ದ ಎರ್ರಮ್ಮ ನೂಲು ಬಿಡಿಸುತ್ತ ಕೂತಳು. ಚೌಡೇಶ ಸ್ನಾನ ಮಾಡಿ, ಬಟ್ಟೆ ಹಾಕಿ, ಗುಡ್ಡಕ್ಕೆ ಹೊರಡುವ ಹೊತ್ತಿನವರೆಗೆ ಏನೂ ಮಾಡಲು ತೋಚದೆ ಅವರಿಬ್ಬರ ನಡುವೆ ನಿಂತ. ಒಮ್ಮೆ, "ಮೆಲ್ಲಗೆ ತುಳಿಯೇ," ಎಂದು ಹುಚ್ಚಕ್ಕನಿಗೆ ಹೇಳಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

"ಅಲ್ಲಿ ನಿಂತು ಬೆಳಕಿಗೆ ಅಡ್ಡ ಆಗ್ಬ್ಯಾಡ," ಎಂದಳು ಎರ್ರಮ್ಮ. "ಅನ್ನಕ್ಕಿಡು ಹೋಗು."

ಅವನು ಅಡಿಗೆಮನೆಗೆ ಹೋದ. ಪಾತ್ರೆ ಸಿಕ್ಕಿತು, ಅಕ್ಕಿ ಸಿಕ್ಕಿತು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಕೂಗಿದ.

"ನೀರೆಷ್ಟು?"

"ಬೆರಳು ಅದ್ದಿ ನೋಡು. ಅಕ್ಕಿ ಮ್ಯಾಲೆ ಒಂದು ಗೆಣ್ಣು."

"ಯಾವ ಬೆರಳು?"

ಮಗ್ಗ ನಿಂತಿತು. ಹುಚ್ಚಕ್ಕ ಹಗ್ಗ ಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಎರ್ರಮ್ಮ ನಗಲಿಲ್ಲ. ನೂಲನ್ನು ಮಂಡಿಯ ಮೇಲಿನಿಂದ ಇಳಿಸಿ, ಎದ್ದು, ತೋರಿಸಲು ಒಳಗೆ ಹೋದಳು.